ಕೈ ಎತ್ತಿಲ್ಲ ಎಂದವರಿಗೆ

ಬಾಗೂರು
೧೨-೩-೧೯೭೪

ಹಿರಿಯೂರಿನ ಗಾಡಿ ಚಿತ್ರಲಿಂಗಪ್ಪನವರಿಗೆ,

ಗಂಡನ ಹೆಸರು ಬರೆಯಬಾರದು ಎಂದು ಅವ್ವ ಪಕ್ಕದಲ್ಲೇ ಕೂತು ಗೊಣಗುತ್ತಿದ್ದಾಳೆ. ಕೋರ್ಟಿನ ಜವಾನ ಬೀದಿಗೆಲ್ಲ ಕೇಳುವಂತೆ ಕೂಗಿದ ಹೆಸರು, ನಾನೊಮ್ಮೆ ಬರೆದರೆ ಸವೆದುಹೋಗುವುದಿಲ್ಲ. ಇಲ್ಲಿ ನಾನು ಚೆನ್ನಾಗಿದ್ದೇನೆ. ನಿಮ್ಮ ಕ್ಷೇಮ ಕೇಳುವ ಮನಸ್ಸಿಲ್ಲ.

ನೀವು ಕಳಿಸಿದ ನಿಮ್ಮ ಅಣ್ಣ ಮೂರ್ತಪ್ಪನವರು ನಿನ್ನೆ ಬಂದಿದ್ದರು. "ಎತ್ತನ್ನ ಚೆನ್ನಾಗಿ ನೋಡ್ಕಂತಿದ್ರು ಅಂತ ಒಂದು ಮಾತು ಹೇಳವ್ವ, ಕೇಸು ಬಿದ್ದೋಗ್ತೈತೆ. ಅವನು ಎತ್ತಿನ ಮೇಲೆ ಕೈ ಎತ್ತಿದ್ದು ಯಾರಾನ ಕಂಡಾರಾ? ನಿನ್ನ ಮೇಲಾದ್ರೂ ಎತ್ತವನಾ?" ಎಂದರು. ಇಲ್ಲ, ಎತ್ತಿಲ್ಲ. ಬಾರುಕೋಲು ಬೀಸುವುದಕ್ಕೂ ನಿಮಗೆ ಸೋಮಾರಿತನ.

ಹೊಡೆದರೆ ಮಾತ್ರ ಹಿಂಸೆ ಎಂದು ನಿಮಗೆ ಯಾರು ಹೇಳಿಕೊಟ್ಟರು? ನಮ್ಮ ಎತ್ತು ಕೆಂದನ ಹೆಗಲು ಹುಣ್ಣಾಗಿ ಕೀವು ಸುರಿಯುತ್ತಿತ್ತು. ಅದರ ಮೇಲೆ ಅರಿಶಿನ ಮೆತ್ತಿ, ಗೋಣಿಚೀಲ ಹಾಸಿ, ನೊಗ ಇಟ್ಟಿರಿ. ಬೇಡ ಎಂದೆ. "ನೋವು ಅಂತ ಎತ್ತು ಬಾಯಿಬಿಟ್ಟು ಹೇಳೈತಾ? ಸುಮ್ಕಿರೇ" ಎಂದಿರಿ. ಎರಡು ಗಾಡಿ ತೆಂಗಿನಕಾಯಿಯನ್ನು ಒಂದೇ ಗಾಡಿಗೆ ಹೇರಿದಿರಿ. ವೇದಾವತಿ ಸೇತುವೆ ದಾಟಿದ ಮೇಲೆ ಏರಿನಲ್ಲಿ ಕೆಂದ ಮುಂಗಾಲು ಮಡಿಸಿ ಬಿದ್ದುಬಿಟ್ಟ. ನೀವು ಅವನ ಕೊರಳಿನ ಹಗ್ಗ ಮಾತ್ರ ಜೋಪಾನವಾಗಿ ಬಿಚ್ಚಿಕೊಂಡು, ಅವನನ್ನು ಬಿಸಿಲಲ್ಲೇ ಬಿಟ್ಟು, ಬಾಡಿಗೆ ಎತ್ತು ಹೂಡಿ ಮಂಡಿಗೆ ಹೋದಿರಿ. ಗಾಡಿಯ ಹಿಂದೆ ನಡೆದು ಬಂದಿದ್ದ ನಾನು ಹೋಟೆಲಿನವರಿಂದ ಕೊಡ ಬೇಡಿ ತಂದು ಬಾಯಿಗೆ ನೀರು ಹೊಯ್ದೆ. ನುಂಗುವ ಶಕ್ತಿ ಇರಲಿಲ್ಲ. ನಾಲಿಗೆ ಮಾತ್ರ ನನ್ನ ಅಂಗೈ ಹುಡುಕುತ್ತಿತ್ತು. ಅವನು ಸತ್ತ ಮೇಲೆ ನಾನು ನಿಮ್ಮ ಮನೆ ಕಡೆ ತಿರುಗಲಿಲ್ಲ. ಹೊಸದುರ್ಗದ ಬಸ್ಸು ಹತ್ತಿದೆ.

ಹೋದ ವಾರ ಕೋರ್ಟಿನ ಹಿಂದಿನ ಬೆಂಚಿನಲ್ಲಿ ನಾನೂ ಇದ್ದೆ. ನಿಮಗೆ ಕಾಣಿಸಲಿಲ್ಲ. ಉಳಿದ ಎತ್ತಿನ ಕೊಂಬಿಗೆ ಹಿತ್ತಾಳೆ ಅಣಸು ತೊಡಿಸಿ, ಹಾರ ಹಾಕಿ, ಮದುವೆ ಗಂಡಿನಂತೆ ಕರೆತಂದು ಕೋರ್ಟಿನ ಮುಂದೆ ಕಟ್ಟಿ ನೀವು ಬೀಗುತ್ತಿದ್ದಿರಿ. ನಾಚಿಕೆ ಆ ಎತ್ತಿಗಾದರೂ ಆಗಿರಬೇಕು. ಸರ್ಕಾರಿ ವಕೀಲರು ಕಾನೂನು ಓದಿ ಕನ್ನಡದಲ್ಲಿ ಬಿಡಿಸಿ ಹೇಳಿದರು: ಹೊಡೆಯುವುದಷ್ಟೇ ಅಲ್ಲ, ಗಾಯವಾದದ್ದನ್ನು ದುಡಿಸುವುದೂ ಹಿಂಸೆ, ತಾಳಲಾರದಷ್ಟು ಹೇರುವುದೂ, ಮೇವು ನೀರಿಲ್ಲದೆ ಕಟ್ಟಿಹಾಕುವುದೂ, ಕೈಲಾಗದಾಗ ಬೀದಿಯಲ್ಲಿ ಬಿಟ್ಟುಹೋಗುವುದೂ ಹಿಂಸೆಯೇ. ನೀವು ಆಕಳಿಸಿದಿರಿ. ನಾನು ಒಂದೊಂದನ್ನೂ ಬೆರಳಲ್ಲಿ ಎಣಿಸಿಕೊಂಡೆ. ಹಸಿ ಬಾಣಂತಿಯಾಗಿದ್ದ ನನ್ನ ತಲೆ ಮೇಲೆ ಕಾಯಿಚೀಲ ಹೊರಿಸಿದವರು ನೀವು. ಜ್ವರದಲ್ಲಿ ಮಲಗಿದ್ದಾಗ ನನ್ನನ್ನು ಒಳಗೇ ಬಿಟ್ಟು ಮನೆಗೆ ಬೀಗ ಹಾಕಿಕೊಂಡು ಜಾತ್ರೆಗೆ ಹೋದವರೂ ನೀವೇ. ಎತ್ತಿಗೆ ಇರುವಷ್ಟು ಕಾನೂನು ನನಗೂ ಇದೆಯೇ ಎಂದು ವಕೀಲರನ್ನು ಕೇಳಬೇಕೆನಿಸಿತು.

ನಿಮಗೆ ಬೇಕಾದ ಆ ಒಂದು ಮಾತು ನನ್ನಿಂದ ಬರುವುದಿಲ್ಲ. ಇನ್ನು ಯಾರನ್ನೂ ಕಳಿಸಬೇಡಿ. ಬಂದವರಿಗೆ ಮಜ್ಜಿಗೆ ಕೊಡುತ್ತೇವೆ, ಅಷ್ಟೇ.

ಇಂತಿ,
ಜುಂಜಣ್ಣನ ಮಗಳು
ಗಿರಿಯಮ್ಮ

ಮರೆತಿದ್ದೆ: ದೂರು ಕೊಟ್ಟವರು ಪಕ್ಕದ ಮನೆಯ ಕಾಟಯ್ಯನವರೆಂದು ಅವರ ಬಾಗಿಲಲ್ಲಿ ನಿಂತು ಬೈದಿರಂತೆ. ಹೋಗಿ ತಪ್ಪಾಯ್ತು ಅನ್ನಿ. ಅವತ್ತು ಬಸ್ಸು ಹತ್ತುವ ಮೊದಲು ಠಾಣೆಗೆ ಹೋದವಳು ನಾನು. ಸೋಮವಾರ ಮೊದಲನೇ ಸಾಕ್ಷಿಯೂ ನಾನೇ.