ಸೈರನ್ ಹಾಕಿರಲಿಲ್ಲ

ಮಾರ್ಚ್ 4

ಎರಡು ಪ್ಯಾಂಟಿನ ಜಿಪ್, ಒಂದು ಕೋಟಿನ ಲೈನಿಂಗ್. ಇಷ್ಟೇ ಇವತ್ತಿನ ಕೆಲಸ. ಇವರು ಸ್ಟೂಲ್ ಮೇಲೆ ಕೂತು ಕಟಿಂಗ್ ಮಾಡಲು ನೋಡಿದರು. ಆಗಲಿಲ್ಲ. ಕತ್ತರಿ ಓಡಬೇಕಾದರೆ ಟೇಬಲ್ ಸುತ್ತ ನಡೆಯಬೇಕು, ಮೊಣಕಾಲು ಮಡಚುವುದಿಲ್ಲ. "ನಾಳೆ ನೋಡೋಣ" ಅಂತ ಬಟ್ಟೆ ಎತ್ತಿಟ್ಟರು. ಪೊಲೀಸ್ ಜೀಪು ಗುದ್ದಿದಾಗಿನಿಂದ ಎಲ್ಲವೂ ನಾಳೆಗೇ.

ಇನ್ನೊಂದು ಆಪರೇಷನ್ ಆದರೆ ನಿಲ್ಲಬಹುದು ಅಂದಿದ್ದಾರೆ ಡಾಕ್ಟರ್. ಪರಿಹಾರದ ಕೇಸ್ ಗೆದ್ದರೆ ಆಪರೇಷನ್.

ಸಂಜೆ ಒಬ್ಬ ಗಿರಾಕಿ. ತೋಳು ಸಡಿಲ ಇರಲಿ ಅಂದ. ನಾನು ಎಂದಿನಂತೆ ಜೋರಾಗಿ, "ತೋಳು ಸಡಿಲ ಅಂತೆ, ಮಾಸ್ಟರ್!" ಆತ ನಕ್ಕ. "ಹೋಟೆಲಲ್ಲಿ ಆರ್ಡರ್ ಕೂಗ್ದಂಗೆ ಕೂಗ್ತೀರಲ್ಲ ಮೇಡಂ." ನಗಲಿ. ಇದು ನಮ್ಮ ಅಂಗಡಿಯ ರೀತಿ ಅಂತಲೇ ವರ್ಷಗಟ್ಟಲೆಯಿಂದ ಎಲ್ಲರೂ ತಿಳಿದಿದ್ದಾರೆ. ಇವರ ಕಿವಿ ಮಂದ ಅಂತ ಒಂದು ನರಪಿಳ್ಳೆಗೂ ಗೊತ್ತಿಲ್ಲ.

ಮಾರ್ಚ್ 9

ಲಾಯರಮ್ಮನ ಆಫೀಸು. ನಮಗೆ ಮಗಳಿದ್ದಿದ್ದರೆ ಇದೇ ವಯಸ್ಸು. ಮಾತು ಅರಳು ಹುರಿದ ಹಾಗೆ.

"ಇಡೀ ಕೇಸು ಒಂದೇ ಮಾತಿನ ಮೇಲೆ ನಿಂತಿದೆ ಅಂಕಲ್. ಸೈರನ್ ಹಾಕ್ಕೊಂಡೇ ಬರ್ತಿದ್ವಿ, ಇವರೇ ಅಡ್ಡ ಬಂದ್ರು ಅಂತಾರೆ ಪೊಲೀಸರು."

ಬಲಗಡೆ ಕೂತಿದ್ದಳು, ಇವರಿಗೆ ಕೇಳಿಸಿತು. "ಹಾಕಿರ್ಲಿಲ್ಲಮ್ಮ. ಎರಡೂ ಕಡೆ ನೋಡೇ ಕಾಲಿಟ್ಟೆ. ತಿರುವಿಂದ ಬಂದುಬಿಡ್ತು."

"ಕಿವಿ ಸರಿಯಾಗಿದೆ ತಾನೆ?"

ಇವರು ಬಾಯಿ ತೆರೆಯುವ ಮೊದಲೇ ನಾನು, "ಸೂಜಿ ಬಿದ್ರೂ ಕೇಳ್ಸುತ್ತೆ" ಅಂದುಬಿಟ್ಟೆ. ಇವರು ನನ್ನ ಕಡೆ ನೋಡಿ ಮುಗುಳ್ನಕ್ಕರು. ಹೊಗಳಿಕೆ ಅಂದುಕೊಂಡರೋ ಏನೋ.

ಮಾರ್ಚ್ 10

ಜೀಪು ಗುದ್ದಿದ ದಿನ ನನಗೆ ಜ್ವರ. ಬಟನ್ ತರಲು ಇವರೊಬ್ಬರೇ ಹೋದರು. ಇಲ್ಲದಿದ್ದರೆ ಎಡಗಡೆ ನಾನಿರುತ್ತಿದ್ದೆ, ಯಾವಾಗಲೂ ಹಾಗೇ ನಡೆಯುವುದು. ಸೈರನ್ ಇತ್ತೋ ಇಲ್ಲವೋ ನಾನಂತೂ ಕೇಳಿಲ್ಲ. ಇವರು ಇಲ್ಲ ಅಂದರೆ ಇಲ್ಲ. ಸುಳ್ಳು ಹೇಳುವ ಜಾಯಮಾನವಲ್ಲ ಇವರದು. ಅಷ್ಟು ಸಾಕು… ಸಾಕಲ್ವಾ?

ಮಾರ್ಚ್ 18, ಮಧ್ಯಾಹ್ನ

ಕೋರ್ಟಿನಿಂದ ಈಗಷ್ಟೇ ಬಂದೆವು. ಬರೆದುಬಿಡಬೇಕು.

ಇವರನ್ನು ಕಟಕಟೆಗೆ ಕರೆದರು. ಲಾಯರಮ್ಮ ಹತ್ತಿರ ನಿಂತು, ಬಿಡಿಸಿ ಬಿಡಿಸಿ ಕೇಳಿದಳು. ಸೈರನ್ ಹಾಕಿರಲಿಲ್ಲ ಅಂತ ಗಟ್ಟಿಯಾಗಿ ಹೇಳಿದರು. ಎದೆ ಉಬ್ಬಿತು ನನಗೆ.

ಆಮೇಲೆ ಪೊಲೀಸರ ಕಡೆಯ ವಕೀಲರು ಎದ್ದರು. ವಯಸ್ಸಾದವರು, ಸಾಧು ಮುಖ. ಮೇಲೆ ಫ್ಯಾನು ಗಡಗಡ. ಕಾಗದ ನೋಡುತ್ತ, ಎಡಗಡೆಯಿಂದ ಏನೋ ಕೇಳಿದರು. ಇವರು ಸುಮ್ಮನೆ. ಇನ್ನೊಮ್ಮೆ ಕೇಳಿದರು. ಇವರ ಕಣ್ಣು ಕೋರ್ಟ್ ಹಾಲ್ ತುಂಬ ಹುಡುಕಾಡಿತು — ನನಗಾಗಿ.

ನಾನಾಗಲೇ ಎದ್ದು ನಿಂತಿದ್ದೆ. "ಜೀಪು ಬರೋ ಮುಂಚೆ ಏನಾದ್ರೂ ಸದ್ದು ಕೇಳಿಸ್ತಾ ಅಂತೆ, ಮಾಸ್ಟರ್!"

ಇಡೀ ಕೋರ್ಟು ತಿರುಗಿ ನೋಡಿತು. "ಯಾರಮ್ಮ ಅದು? ಕೂತ್ಕೊಳಿ" ಅಂದರು ಜಡ್ಜ್. ಇವರು ಮಾತ್ರ ನೆಮ್ಮದಿಯಿಂದ, "ಇಲ್ಲ ಸಾರ್, ಏನೂ ಕೇಳಿಸ್ಲಿಲ್ಲ" ಅಂದರು.

ವಕೀಲರು ನನ್ನನ್ನೊಮ್ಮೆ, ಇವರನ್ನೊಮ್ಮೆ ನೋಡಿದರು. ಬಾಯಿಗೆ ಫೈಲು ಅಡ್ಡ ಹಿಡಿದು ಇನ್ನೊಂದು ಪ್ರಶ್ನೆ ಕೇಳಿದರು. ನಾನು ಸೆರಗು ಬಾಯಿಗೆ ಒತ್ತಿಕೊಂಡು ಕೂತೆ. ಇವರು ನನ್ನನ್ನೇ ನೋಡುತ್ತಿದ್ದರು, ಹೇಳೇ ಅನ್ನುವ ಹಾಗೆ. ಹೇಳಲಿಲ್ಲ.

"ಇಷ್ಟು ಸಾಕು" ಅಂತ ಅವರು ಕೂತರು. ಲಾಯರಮ್ಮ ತಲೆ ಎತ್ತಲಿಲ್ಲ.

ಮಾರ್ಚ್ 19

ಸಂಜೆ ಟೀ ಕೊಡುವಾಗ ಕೇಳಿದರು — "ನಾನು ಕಿವುಡ ಅಂತ ತೀರ್ಮಾನ ಮಾಡಿಬಿಟ್ರಾ ಅವರೆಲ್ಲ?"

"ಸ್ವಲ್ಪ ಮಂದ ಅಲ್ವೇನ್ರೀ…"

"ಸ್ವಲ್ಪ ಮಂದ. ಅದು ನಂಗೂ ಗೊತ್ತು. ಸೈರನ್ ಕೇಳದಷ್ಟಾ?"

ಇವರ ಮುಖದಲ್ಲಿ ಕಪಟವಿರಲಿಲ್ಲ. ನಿಜಕ್ಕೂ ಕೇಳುತ್ತಿದ್ದರು. ಆಗ ಹೊಳೆಯಿತು. ಊರಿನಿಂದ ಮುಚ್ಚಿಟ್ಟೆ ಅಂದುಕೊಂಡಿದ್ದೆ, ಇವರಿಂದಲೂ ಮುಚ್ಚಿಟ್ಟುಬಿಟ್ಟಿದ್ದೇನೆ. ಬಾಗಿಲು ತಟ್ಟಿದರೆ ನಾನು, ಫೋನ್ ಬಂದರೆ ನಾನು, ಗಿರಾಕಿ ಪಿಸುಗುಟ್ಟಿದರೆ ನಾನು. ತಮ್ಮ ಕಿವಿ ಎಷ್ಟು ಹೋಗಿದೆ ಅಂತ ಇವರಿಗೆ ತಿಳಿಯುವುದಾದರೂ ಹೇಗೆ? ಅಡುಗೆಮನೆಗೆ ಹೋಗಿ ಅತ್ತೆ. ಜೋರಾಗಿಯೇ ಅತ್ತೆ. ಇವರು ಬರಲಿಲ್ಲ.

ಏಪ್ರಿಲ್ 6, ಬೆಳಿಗ್ಗೆ

ಇವತ್ತು ತೀರ್ಪು. ಬಿಳಿ ಶರ್ಟಿಗೆ ಇಸ್ತ್ರಿ ಹಾಕಿಕೊಟ್ಟೆ. ಕಿಟಕಿಗೆ ಬೆನ್ನು ಮಾಡಿ ಕೂತು ಬಟನ್ ಹಾಕಿಕೊಳ್ಳುತ್ತಿದ್ದಾರೆ. ಲಾಯರಮ್ಮ ಫೋನಿನಲ್ಲಿ, ಆಸೆ ಇಟ್ಕೋಬೇಡಿ ಆಂಟಿ ಅಂದಳು. ಇವರಿಗೆ ಹೇಳಿಲ್ಲ. "ಸೈರನ್ ಇದ್ದಿದ್ರೆ ಕೇಳಿಸ್ದೆ ಇರ್ತಿತ್ತಾ, ನೀನೇ ಹೇಳು" ಅಂತ ಆಗಿನಿಂದ ಅದನ್ನೇ ಅನ್ನುತ್ತಿದ್ದಾರೆ.

ದೂರದಲ್ಲಿ ಆಂಬುಲೆನ್ಸ್… ನಮ್ಮ ಬೀದಿಗೇ ತಿರುಗಿತು. ಎಲ್ಲೇ ಸದ್ದಾದರೂ ಇವರು ನನ್ನ ಮುಖ ನೋಡಿ ತಿಳಿಯುವುದು. ಇವತ್ತು ನಾನು ಮುಖ ಎತ್ತಲಿಲ್ಲ. ಬರೆಯುತ್ತಲೇ ಇದ್ದೇನೆ. ಹತ್ತಿರ ಬಂತು. ಮನೆ ಮುಂದೆಯೇ ಸೈರನ್. ದೇವರೇ, ತಿರುಗಿ ನೋಡಲಿ, ಒಂದು ಸಲ—

ಕಾಲರಿನ ಬಟನ್ ಹಾಕಿಕೊಂಡರು. "ಇವತ್ತು ಬೀದೀಲಿ ಗಲಾಟೆನೇ ಇಲ್ಲ ನೋಡು" ಅಂದರು.

ಹೂಂ ರೀ, ಅಂದೆ.

ಹೊರಡಬೇಕು. ಕೋಲು ಕೈಗೆ ಕೊಡಬೇಕು. ತೀರ್ಪು ಓದುವಾಗ ಇವರು ನನ್ನ ಮುಖವನ್ನೇ ನೋಡುತ್ತಾರೆ. ನಾನು ಯಾವ ಮುಖ ಮಾಡಿಕೊಂಡು ಕೂರಲಿ?