ಮಲಗಿಸಿದರೆ ಮಾಯವಾಗುವ ಕಾಲುರೋಗ

ನಾಸಿಕ ಜಿಲ್ಲೆ, 1973

ಮಾನ್ಯ ಆರೋಗ್ಯಾಧಿಕಾರಿಗಳೇ,

ನನ್ನ ತಮ್ಮ ಮುದ್ದಣ್ಣನ ಕಾಲಿಗೆ ಯಾವ ರೋಗವೂ ಇಲ್ಲವೆಂದು ತಮ್ಮ ದವಾಖಾನೆ ಮತ್ತೆ ಮತ್ತೆ ತೀರ್ಮಾನಿಸಿದೆ. ಈ ಸಂತೋಷದ ಸುದ್ದಿಯನ್ನು ಅವನ ಕಾಲಿಗೆ ಹೇಗೆ ತಿಳಿಸುವುದೆಂದು ಗೊತ್ತಾಗದೆ ಈ ಪತ್ರ ಬರೆಯುತ್ತಿದ್ದೇನೆ. ತಾವು ಕನ್ನಡ ಓದುವುದಿಲ್ಲವೆಂದು ಬಲ್ಲೆ. ಆದರೆ ಮರಾಠಿಯಲ್ಲಿ ಬರೆಸಿ ಕಳಿಸಿದ ಅರ್ಜಿಗಳನ್ನೂ ತಾವು ಓದಲಿಲ್ಲ. ಓದದಿರುವುದೇ ಆದರೆ ನನ್ನ ಭಾಷೆಯಲ್ಲೇ ಓದದಿರಲಿ ಎಂದು ಇದನ್ನು ನಮ್ಮ ಕನ್ನಡ ಸಂಘದ ವಾರ್ಷಿಕ ಸಂಚಿಕೆಗೆ ಕೊಟ್ಟಿದ್ದೇನೆ.

ನಾವು ಉಡುಪಿ ಕಡೆಯವರು. ನಿಫಾಡಿಗೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ಸಣ್ಣ ಹೋಟೆಲು. ಗಲ್ಲಾದಲ್ಲಿ ನಾನು, ದೋಸೆ ಕಾವಲಿಯ ಮುಂದೆ ಮುದ್ದಣ್ಣ. ದ್ರಾಕ್ಷಿ ತುಂಬುವ ಲಾರಿಯವರು ಬೆಳಕು ಹರಿಯುವ ಮೊದಲೇ ಬಂದು ಕೂರುತ್ತಾರೆ. ಆಗ ಎದ್ದು ನಿಂತ ಮುದ್ದಣ್ಣ ಸಂಜೆಯವರೆಗೆ ನಿಂತೇ ಇರುತ್ತಾನೆ. ವರ್ಷಗಟ್ಟಲೆ ಹೀಗೆ ನಿಂತು ನಿಂತು ಅವನ ಎಡಗಾಲಿನ ಮೀನಖಂಡದಲ್ಲಿ ನರಗಳು ಗಂಟುಗಂಟಾಗಿ ಉಬ್ಬಿವೆ. ಹೊತ್ತು ಇಳಿಯುವಷ್ಟರಲ್ಲಿ ಪಾದ ಬಾತು ಚಪ್ಪಲಿಯೊಳಗೆ ಹೋಗುವುದಿಲ್ಲ. ಹರಡಿನ ಹತ್ತಿರ ಚರ್ಮ ಕಪ್ಪಾಗಿ, ತುರಿಕೆ ಹತ್ತಿ, ಈಗ ಹುಣ್ಣಾಗಿದೆ. ಅಮ್ಮ ತೀರಿಕೊಂಡ ಮೇಲೆ ನಾನೇ ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮ ಅವನು. ಆ ಹುಣ್ಣನ್ನು ಈಗ ದಿನಾ ನಾನೇ ತೊಳೆಯುತ್ತೇನೆ.

ಕಾಲಿನ ರೋಗಿಯನ್ನು ಮೇಜಿನ ಮೇಲೆ ಮಲಗಿಸಿಯೇ ಪರೀಕ್ಷಿಸಬೇಕೆಂದು ತಮ್ಮ ಸುತ್ತೋಲೆ ಇದೆಯಂತೆ. ಹಿಂದೆ ಯಾರೋ ಒಬ್ಬರು ಪರೀಕ್ಷೆಯ ಹೊತ್ತಿಗೆ ನಿಂತಲ್ಲೇ ತಲೆಸುತ್ತಿ ಬಿದ್ದರಂತೆ. ತಮ್ಮ ಕಾಳಜಿ ದೊಡ್ಡದು. ಆದರೆ ಸ್ವಾಮಿ, ಈ ನರಗಳು ಉಬ್ಬುವುದೇ ಮನುಷ್ಯ ನಿಂತಾಗ. ಮಲಗಿ ಕಾಲು ಎತ್ತಿಟ್ಟರೆ ರಕ್ತ ಇಳಿದು ಅವು ಅಡಗಿಬಿಡುತ್ತವೆ. ಮೊದಲ ಸಲ ಹೋದಾಗ ಕಂಪೌಂಡರ್ ವೈಜನಾಥ, ಬೀದರ ಕಡೆಯ ಸಜ್ಜನರು, ನಮ್ಮ ಭಾಷೆಯವರೆಂಬ ಅಭಿಮಾನದಿಂದ ಮುದ್ದಣ್ಣನನ್ನು ಎಲ್ಲರಿಗಿಂತ ಮೊದಲು ಮೇಜಿನ ಮೇಲೆ ಮಲಗಿಸಿ, ಕಾಲಡಿಗೆ ಎರಡು ದಿಂಬು ಕೊಟ್ಟರು. ಡಾಕ್ಟರು ಬಂದದ್ದು ಮಧ್ಯಾಹ್ನದ ಹೊತ್ತಿಗೆ. ಅಷ್ಟರಲ್ಲಿ ಕಾಲು ಮದುಮಗನ ಕಾಲಿನಂತೆ ನುಣುಪಾಗಿತ್ತು. ಡಾಕ್ಟರು ಒತ್ತಿ ನೋಡಿದರು, ಏನೂ ಇಲ್ಲವೆಂದರು. ಹುಣ್ಣು ತೋರಿಸಿದಾಗ ಕಸುಬು ಏನೆಂದು ಕೇಳಿದರು. ದೋಸೆ ಹುಯ್ಯುವುದು ಎಂದು ಗೊತ್ತಾದ ಕೂಡಲೇ ಎಣ್ಣೆ ಸಿಡಿದ ಗಾಯವೆಂದು ಸುಟ್ಟಗಾಯದ ಮುಲಾಮು ಬರೆದರು. ಕಾಲು ಎತ್ತಿಟ್ಟು ಮಲಗಿಸುವುದೇ ಈ ರೋಗಕ್ಕೆ ಒಂದು ಉಪಚಾರವೆಂದು ನನಗೆ ಆಮೇಲೆ ತಿಳಿಯಿತು. ಅಂದರೆ ತಮ್ಮ ದವಾಖಾನೆಯಲ್ಲಿ ರೋಗಿಗೆ ಮೊದಲು ಉಪಚಾರವಾಗುತ್ತದೆ, ಆಮೇಲೆ ಪರೀಕ್ಷೆಯಾಗುತ್ತದೆ.

ಎರಡನೆಯ ಸಲ ಮುದ್ದಣ್ಣನಿಗೆ ಕಟ್ಟುನಿಟ್ಟಾಗಿ ಹೇಳಿದೆ: ಮಲಗಬೇಡ, ಡಾಕ್ಟರು ಬರುವ ದಾರಿಯಲ್ಲೇ ಪಂಚೆ ಎತ್ತಿಕಟ್ಟಿ ನಿಂತಿರು ಎಂದು. ನಿಂತ, ಪಾಪ. ನರಗಳು ಎದ್ದು ಬಂದವು. ಆದರೆ ನಮ್ಮೂರ ಕಡೆ ಒಂದು ಮರ್ಯಾದೆ ಇದೆ. ದೊಡ್ಡವರು ಎದುರಾದರೆ ಗಂಡಸರು ಎತ್ತಿಕಟ್ಟಿದ ಪಂಚೆಯನ್ನು ಥಟ್ಟನೆ ಇಳಿಬಿಡುತ್ತಾರೆ. ಡಾಕ್ಟರು ಬಾಗಿಲಲ್ಲಿ ಕಾಣಿಸಿದ್ದೇ ತಡ, ನನ್ನ ತಮ್ಮ ಕೈಮುಗಿದು ಪಂಚೆಯನ್ನು ಪಾದದವರೆಗೆ ಇಳಿಬಿಟ್ಟ. ನೆಟ್ಟಗೆ ನಿಂತಿದ್ದಾನಲ್ಲ, ಇವನಿಗೇನು ಧಾಡಿ ಎಂದು ಅವರು ಮುಂದೆ ಹೋದರು. ಎತ್ತೋ ಪಂಚೆ ಎಂದು ನಾನು ಹಿಂದಿನಿಂದ ಕೂಗಿಕೊಂಡದ್ದಕ್ಕೆ ಅಲ್ಲಿದ್ದ ಹೆಂಗಸರೆಲ್ಲ ಮುಖ ತಿರುಗಿಸಿಕೊಂಡರು. ಮನೆಗೆ ಬಂದು ಬೈದರೆ, ಅಷ್ಟು ಓದಿದವರ ಎದುರು ಬರಿಗಾಲು ತೋರಿಸಿ ನಿಲ್ಲುವುದು ಹೇಗೆ ಎಂದು ನನ್ನನ್ನೇ ಕೇಳಿದ.

ಇನ್ನು ಮುಂದಿನದನ್ನು ತಾವು ನಂಬಲಿಕ್ಕಿಲ್ಲ. ಹೋದ ವಾರ ಅದೇ ಡಾಕ್ಟರು ನಮ್ಮ ಹೋಟೆಲಿಗೆ ದೋಸೆ ತಿನ್ನಲು ಬಂದರು. ಮುದ್ದಣ್ಣ ಅವರಿಗೆ ಬೆನ್ನು ಹಾಕಿ, ಪಂಚೆ ಎತ್ತಿಕಟ್ಟಿ ಕಾವಲಿಯ ಮುಂದೆ ನಿಂತಿದ್ದ. ಡಾಕ್ಟರು ಅರ್ಧ ದೋಸೆ ಬಿಟ್ಟು ಎದ್ದು ಗಲ್ಲಾಕ್ಕೆ ಬಂದರು. ಆ ಮನುಷ್ಯನ ನರಗಳು ಕೆಟ್ಟಿವೆ, ಕಾಲಿಗೆ ಬೆರಳಿನಿಂದ ಮೊಣಕಾಲಿನವರೆಗೆ ಬಿಗಿಯಾಗಿ ಪಟ್ಟಿ ಕಟ್ಟಬೇಕು, ಹುಣ್ಣನ್ನು ಹೀಗೇ ಬಿಟ್ಟರೆ ಕಾಲಿಗೇ ಅಪಾಯ, ನಾಳೆಯೇ ದವಾಖಾನೆಗೆ ಕಳಿಸಿ ಎಂದು ಮರಾಠಿಯಲ್ಲಿ ನನ್ನನ್ನೇ ಗದರಿಸಿದರು. ನನಗೆ ಅಳು ಬಂತು. ಕೊನೆಗೂ ಒಬ್ಬರಿಗೆ ಕಂಡಿತಲ್ಲ ಎಂಬ ಸಮಾಧಾನದ ಅಳು ಅದು.

ಮರುದಿನ ಹೋದೆವು. ವೈಜನಾಥರು ಮತ್ತೆ ಮಲಗಿಸಿದರು, ಮತ್ತೆ ದಿಂಬು ಇಟ್ಟರು. ಬೇಡವೆಂದು ಕೈಮುಗಿದೆ.

"ಅಕ್ಕಾರ, ನಾ ಏನ್ ಮಾಡ್ಲಿರಿ, ರೂಲ್ ಅದ," ಎಂದರು. "ಮಲಗಿಸಿ ನೋಡಿದ್ದಷ್ಟ ಬರೀಬೇಕಂತ ಮ್ಯಾಲಿನವರ ಹುಕುಮ್ ಅದರಿ."

ಡಾಕ್ಟರು ಬಂದು ಕಾಲು ನೋಡಿದರು, ಮುಖ ನೋಡಿದರು, ಮತ್ತೆ ಕಾಲು ನೋಡಿದರು. ನಾನು ಕಳಿಸಲು ಹೇಳಿದ್ದು ಹೋಟೆಲಿನಲ್ಲಿ ನಿಂತಿದ್ದವನನ್ನು, ಅವನ ಅಣ್ಣತಮ್ಮಂದಿರನ್ನಲ್ಲ ಎಂದು ಸಿಡುಕಿದರು. ಇವನೇ ಅವನು, ಎಬ್ಬಿಸಿ ನಿಲ್ಲಿಸಿ ನೋಡಿ ಎಂದು ಗೋಗರೆದೆ. ನಿಲ್ಲಿಸಿ ನೋಡಿದರೆ ನನ್ನ ನೌಕರಿಗೆ ಯಾರು ಜವಾಬ್ದಾರಿ ಎಂದರು. ಈ ಸಲವೂ ಸುಟ್ಟಗಾಯದ ಮುಲಾಮೇ ಸಿಕ್ಕಿತು.

ಮಾನ್ಯರೇ, ಹೊಟ್ಟೆನೋವಿನವನನ್ನು ನೋವಿರುವಾಗ ನೋಡುತ್ತೀರಿ, ಜ್ವರದವನನ್ನು ಜ್ವರವಿರುವಾಗ ನೋಡುತ್ತೀರಿ. ಕಾಲಿನವನು ಮಾಡಿದ ಪಾಪವೇನು? ದಿನವೆಲ್ಲ ನಿಂತು ದುಡಿಯುವವರು ಈ ಜಿಲ್ಲೆಯಲ್ಲಿ ನನ್ನ ತಮ್ಮನೊಬ್ಬನೇ ಏನು? ಅವರೆಲ್ಲರ ಕಾಲೂ ತಮ್ಮ ಮೇಜಿನ ಮೇಲೆ ಆರೋಗ್ಯವಾಗಿಯೇ ಇರಬೇಕು. ಜಿಲ್ಲೆಯಲ್ಲಿ ಕಾಲುರೋಗವೇ ಇಲ್ಲವೆಂದು ತಾವು ಮೇಲೆ ವರದಿ ಕಳಿಸಿದ್ದರೂ ಆಶ್ಚರ್ಯವಿಲ್ಲ. ನನ್ನ ಬೇಡಿಕೆ ಒಂದೇ. ಆ ಸುತ್ತೋಲೆಯನ್ನು ಹಿಂತೆಗೆದುಕೊಳ್ಳಿ. ಬೀಳುವ ಹೆದರಿಕೆಯಿದ್ದರೆ ನಾನು ರಟ್ಟೆ ಹಿಡಿದುಕೊಳ್ಳುತ್ತೇನೆ, ಪಂಚೆಯನ್ನೂ ನಾನೇ ಎತ್ತಿ ಹಿಡಿಯುತ್ತೇನೆ. ನಾಚಿಕೆ ನನಗಿರಲಿ.

ಬೇಗ ಮಾಡಿ. ನಿನ್ನೆ ಹುಣ್ಣು ತೊಳೆಯುವಾಗ ವಾಸನೆ ಬಂತು. ಅದು ಅವನಿಗೂ ಗೊತ್ತಾಯಿತು. ಪಂಚೆ ಇಳಿಬಿಟ್ಟುಕೊಂಡು ಕೇಳಿದ:

"ಈ ಕಾಲು ಕಡಿದು ಹಾಕಿದ್ರೆ, ಮತ್ತೆ ಮಲಗಿದ್ರೂ ಅವ್ರಿಗೆ ಕಾಣ್ತದಲ್ಲ ಅಕ್ಕ?"

ಇಂತಿ,
ಈ ಪ್ರಶ್ನೆಯನ್ನು ತಮಗೇ ದಾಟಿಸುತ್ತಿರುವ
ಹರಿಣಾಕ್ಷಿ