ಏಡಿ ಎಲ್ಲಿ ಇಳಿಯಬೇಕು?

ಕಾಪು
9 ಜನವರಿ 2025

ಪ್ರೀತಿಯ ಸರಸ,

ಅಜೆಕಾರಿನಲ್ಲಿ ನೀನೂ ನಿನ್ನ ಶಾಲೆಯ ಮಕ್ಕಳೂ ಸೌಖ್ಯವೆಂದು ನಂಬಿದ್ದೇನೆ. ದೀಪಾವಳಿಗೆ ನೀನು ಬರೆದ ಪತ್ರಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಫೋನು ಮಾಡಬಹುದಿತ್ತು. ಆದರೆ ನಾಲ್ಕು ದಿನದಿಂದ ನನಗೆ ಬಂದಿರುವ ಸಿಟ್ಟು ಫೋನಿನಲ್ಲಿ ನಿನ್ನ ಮೇಲೆಯೇ ಬಿದ್ದೀತು.

ವಿಷಯ ಇಷ್ಟು. ನಾನೊಂದು ಮಕ್ಕಳ ಕಥೆ ಬರೆದೆ. ನಗಬೇಡ. ನನ್ನ ಮೀನಿನ ಬುಟ್ಟಿಯಿಂದ ತಪ್ಪಿಸಿಕೊಂಡ ಏಡಿಯೊಂದು ಉಡುಪಿಯ ಬಸ್ಸು ಹತ್ತುತ್ತದೆ, ಟಿಕೆಟ್ ಕೇಳಿದ ಕಂಡಕ್ಟರನ ಪ್ಯಾಂಟು ಕಚ್ಚಿ ಹಿಡಿಯುತ್ತದೆ. ಮಣಿಪಾಲದಲ್ಲಿ ಓದುವ ಮಗಳು ಪ್ರಣೀತಾಳಿಗೂ ಅದನ್ನು ತೋರಿಸಲಿಲ್ಲ. ಪುಸ್ತಕ ಮಾಡಿಸುವುದು ಹೇಗೆಂದು ಮಾತ್ರ ಕೇಳಿದೆ. "ಅದಕ್ಕೆ ಏಜೆಂಟರು ಅಂತ ಇದ್ದಾರೆ ಅಮ್ಮ, ಅವರೇ ಪ್ರಕಾಶಕರನ್ನು ಹುಡುಕಿ ಕೊಡ್ತಾರೆ. ಆದರೆ ಮೊದಲು ಯಾರಿಗಾದರೂ ಓದ್ಲಿಕ್ಕೆ ಕೊಡು" ಎಂದಳು.

ನಾನು ಕೇಳಬೇಕಲ್ಲ! ಮೂವತ್ತು ವರ್ಷ ಮೀನು ಮಾರಿದವಳು ನಾನು. ಬೆಳಗ್ಗೆ ಬಂದ ಬಂಗುಡೆ ಮಧ್ಯಾಹ್ನದೊಳಗೆ ಖಾಲಿಯಾಗಬೇಕು. ಬರೆದ ದಿನವೇ ಪುಟಗಳ ಫೋಟೋ ತೆಗೆದು ಬ್ರೆಂಡಾ ಎಂಬ ಏಜೆಂಟರಿಗೆ ಕಳಿಸಿಬಿಟ್ಟೆ. ಕಥೆ ಮುಗಿದಿರಲೂ ಇಲ್ಲ.

ಐದು ವಾರದ ಮೇಲೆ ಉತ್ತರ ಬಂತು. "ಏಡಿ ಬಸ್ಸು ಹತ್ತಿತು, ಸಂತೋಷ. ಇಳಿಯುವುದು ಎಲ್ಲಿ?" ಎಂದು ಕೇಳಿದ್ದಾರೆ. ಕಥೆ ಪೂರ್ತಿಯಾಗಿ, ನಾಲ್ಕಾರು ಸಲ ತಿದ್ದಿ, ಇನ್ನೆರಡು ಕಥೆ ಕೈಯಲ್ಲಿದ್ದಾಗ ಏಜೆಂಟರ ಬಳಿ ಬರಬೇಕಂತೆ. ಕನ್ನಡದ ಸಣ್ಣ ಪ್ರಕಾಶಕರಿಗೆ ನೇರವಾಗಿ ಕಳಿಸಬಹುದು, ಬೇರೆ ಭಾಷೆಗೂ ಹೋಗಬೇಕೆಂದರೆ ಮಾತ್ರ ಏಜೆಂಟರು ಬೇಕಂತೆ. ಇದನ್ನೆಲ್ಲ ಮೊದಲೇ ಎಲ್ಲಾದರೂ ಬರೆದು ಹಾಕಬಾರದೇ? ಒಮ್ಮೆ ಬೇಡವೆಂದ ಕಥೆಯನ್ನು ಅವರು ಮತ್ತೆ ನೋಡುವುದಿಲ್ಲ. ಆದರೂ ನನಗೆಂದು ಇನ್ನೊಂದೇ ಒಂದು ಸಲ ನೋಡುತ್ತಾರಂತೆ, ಅದೂ ನನ್ನ ಗುರುತಿಲ್ಲದ ಮಕ್ಕಳಿಗೆ ಕಥೆ ಓದಿಸಿ, ಅವರಿಗೆ ಎಲ್ಲಿ ಬೇಸರ ಬಂತೆಂದು ತಿಳಿದು, ತಿದ್ದಿ ಕಳಿಸಿದರೆ.

ಗಂಡನಿಗೆ ಹೇಳಿದೆ. ದೇವದಾಸರು ಬಲೆ ಹೆಣೆಯುತ್ತಾ, "ಅರ್ಧ ಮೀನು ತೂಗಿ ಕೊಟ್ರೆ ಯಾರು ತೆಗೊಳ್ತಾರೆ ಮಾರಾಯ್ತಿ?" ಎಂದು ಹಲ್ಲು ಕಿರಿದರು. ಆ ದಿನ ಅವರಿಗೆ ಗಂಜಿ ಬಡಿಸಲು ನನಗೆ ಮನಸ್ಸೇ ಬರಲಿಲ್ಲ. ನನ್ನ ಮೇಲೆಯೇ ಸಿಟ್ಟು ಸರಸ. ಸಿಕ್ಕಿದ ಮೊದಲ ಅವಕಾಶವನ್ನು ಕೈಯಾರೆ ಹಾಳು ಮಾಡಿಕೊಂಡೆನಲ್ಲ!

ಇಲ್ಲಿನ ಮಕ್ಕಳು ನನ್ನ ಮುಖ ನೋಡಿಯೇ "ಚಂದ ಉಂಟು ಅಕ್ಕ" ಎನ್ನುತ್ತಾರೆ. ಅದಕ್ಕೇ ಕಥೆಯನ್ನು ಇದರ ಜೊತೆ ಇಟ್ಟಿದ್ದೇನೆ. ನಿನ್ನ ಮೂರನೇ ಕ್ಲಾಸಿನವರಿಗೆ ಓದಿ ಹೇಳು. ಯಾರು ಆಕಳಿಸಿದರು, ಯಾವ ಸಾಲಿಗೆ ಎಂದು ಬರೆ. ಏಡಿ ಎಲ್ಲಿ ಇಳಿಯಬೇಕೆಂದೂ ಅವರನ್ನೇ ಕೇಳು.

ದೇವರು ನಿನ್ನ ಮನೆಯವರಿಗೆಲ್ಲ ಆರೋಗ್ಯ ಕೊಡಲಿ. ಮಕ್ಕಳಿಗೆ ನನ್ನ ಆಶೀರ್ವಾದ.

ನಿನ್ನ
ಗುಣವತಿ

ತಾ.ಕ.: ಮೀನು ಮಾರುವ ಅಭ್ಯಾಸದಿಂದ ಅವಸರ ಮಾಡಿದೆ ಎಂದದ್ದು ಪೂರ್ತಿ ನಿಜವಲ್ಲ. ಮೊದಲು ನಿನಗೇ ತೋರಿಸಬೇಕಿತ್ತು, ಹೆದರಿದೆ. ಒಂಬತ್ತನೇ ಕ್ಲಾಸಿನಲ್ಲಿ ನನ್ನ ಕಥೆಯ ನೋಟ್ ಬುಕ್ಕನ್ನು ನಿನ್ನೊಬ್ಬಳಿಗೇ ಕೊಟ್ಟಿದ್ದೆ. ನೀನು ಬೆಂಚಿನ ಮೇಲೆ ನಿಂತು ಎರಡು ಸಾಲು ಓದಿ, "ಇದಕ್ಕೂ ಮೀನಿನ ವಾಸನೆ ಉಂಟು" ಎಂದು ಮೂಗು ಮುಚ್ಚಿಕೊಂಡೆ. ಇಡೀ ಕ್ಲಾಸು ನಕ್ಕಿತು. ನಿನಗೆ ನೆನಪಿರಲಿಕ್ಕಿಲ್ಲ. ಆಮೇಲೆ ಈ ಏಡಿಯವರೆಗೆ ನಾನು ಒಂದು ಸಾಲೂ ಬರೆದಿರಲಿಲ್ಲ. ಗುರುತಿಲ್ಲದವರು ಬೇಡ ಎಂದರೆ ಅಷ್ಟು ನೋಯುವುದಿಲ್ಲವೆಂದು ಅವರಿಗೆ ಕಳಿಸಿದ್ದು. ಈ ಸಲವೂ ಎಲ್ಲರ ಮುಂದೆ ಜೋರಾಗಿ ಓದು ಸರಸ. ಮಕ್ಕಳು ನಗಲಿ. ಏಡಿಯನ್ನು ಕಂಡು ನಗಲಿ.